ಸೆಕೆಂಡ್ ಬೇಸಿನ ಗ್ಲೌಸು, ಅಪ್ಪನ ರಂಪಿಗೆ

ಪಾರ್ಸೆಲ್ ಬಿಚ್ಚಿದ ಕೂಡಲೇ ಅಪ್ಪ ಬೇಸ್‌ಬಾಲಿನ ಗ್ಲೌಸನ್ನು ಇಸಿದುಕೊಂಡು ಮೂಗಿಗೆ ಹಿಡಿದ. ಅಥಣಿಯಲ್ಲಿ ಐವತ್ತು ವರ್ಷ ಚಪ್ಪಲಿ ಹೊಲಿದ ಮನುಷ್ಯ. ಯಾವ ತೊಗಲು ಕೈಗೆ ಬಂದರೂ ಮೊದಲು ಮೂಸುತ್ತಾನೆ, ಆಮೇಲೆ ಹೆಬ್ಬೆರಳಿಂದ ಒತ್ತುತ್ತಾನೆ, ಕೊನೆಗೆ ಮಡಚಿ ಬೆಳಕಿಗೆ ಹಿಡಿದು ನೆರಿಗೆ ನೋಡುತ್ತಾನೆ. ಅವತ್ತು ಮೂಸುವುದರಲ್ಲೇ ಪರೀಕ್ಷೆ ಮುಗಿಯಿತು. "ಇದು ತೊಗಲಲ್ಲೋ, ರೆಕ್ಸಿನ್" ಅಂದು ಮೊಮ್ಮಗಳ ಕೈಗೆ ಕೊಟ್ಟ.

ಅವಳು ಹಾಕಿಕೊಂಡಳು. ಬಲಗೈಗೆ. ಎಡಗೈಗೆ ಹಾಕಲು ನೋಡಿದರೆ ಹೆಬ್ಬೆರಳಿನ ಜಾಗಕ್ಕೆ ಕಿರುಬೆರಳು ಬರುತ್ತಿತ್ತು. "ಪಪ್ಪಾ, ಇದು ಎಡಚರದ್ದು" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ನಡೆದದ್ದು ಇಷ್ಟು. ಬೇಸ್‌ಬಾಲಿನಲ್ಲಿ ಗ್ಲೌಸು ಹಾಕುವುದು ಚೆಂಡು ಒಗೆಯದ ಕೈಗೆ. ಬಲಗೈಲೆ ಒಗೆಯುವವರಿಗೆ ಎಡಗೈ ಗ್ಲೌಸು ಬೇಕು. ನಾನು ಆನ್‌ಲೈನಿನಲ್ಲಿ "ಬಲಗೈ" ಅಂತ ಬರೆದದ್ದನ್ನು ನೋಡಿ, ಮಗಳು ಬಲಗೈಯವಳಲ್ಲವೇ ಎಂದು ಒತ್ತಿಬಿಟ್ಟೆ. ಕೆಲವು ಕಡೆ ಆ ಮಾತಿಗೆ "ಬಲಗೈಲೆ ಒಗೆಯುವವರಿಗೆ" ಅನ್ನುವ ಅರ್ಥ, ಕೆಲವು ಕಡೆ "ಬಲಗೈಗೆ ಹಾಕುವಂಥದ್ದು" ಅನ್ನುವ ಅರ್ಥ. ನಾನು ಕೊಂಡಲ್ಲಿ ಎರಡನೆಯದು. ಹಿಂದಿರುಗಿಸುತ್ತೇನೆ ಎಂದರೆ ತೆಗೆದುಕೊಳ್ಳಲಿಲ್ಲ. ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ: "ರೈಟ್ ಹ್ಯಾಂಡ್ ಥ್ರೋ" ಅಥವಾ "ಆರ್‌ಎಚ್‌ಟಿ" ಎಂದು ಬರೆದಿದೆಯೇ ನೋಡಿ. ಅದಿಲ್ಲದಿದ್ದರೆ ಫೋಟೋದಲ್ಲಿ ಹೆಬ್ಬೆರಳು ಯಾವ ಮಗ್ಗುಲಿಗಿದೆ ಎಂದು ನಿಮ್ಮ ಕೈಯನ್ನು ಪಕ್ಕಕ್ಕಿಟ್ಟು ನೋಡಿ. ಎರಡು ನಿಮಿಷದ ಕೆಲಸ. ನಾನು ಮಾಡಲಿಲ್ಲ.

ನಾನು ಬೆಳಗಾವಿಯಲ್ಲಿ ಗಣಿತದ ಮೇಷ್ಟ್ರು. ಅವ್ವ ತೀರಿಕೊಂಡ ಮೇಲೆ ಅಪ್ಪ ಅಥಣಿ ಬಿಟ್ಟು ಟಿಳಕವಾಡಿಯ ನಮ್ಮ ಮನೆಗೆ ಬಂದ. ಬರುವಾಗ ಒಂದು ಟ್ರಂಕಿನಲ್ಲಿ ಬಟ್ಟೆ, ಇನ್ನೊಂದರಲ್ಲಿ ತೂತು ಹಾಕುವ ಆರಿ, ತೊಗಲು ಕತ್ತರಿಸುವ ರಂಪಿಗೆ, ಸುತ್ತಿಗೆ ಮತ್ತು ಉಳಿದ ತೊಗಲು. ಮಗಳು ಒಂಬತ್ತನೇ ಇಯತ್ತೆ. ಏಳನೆಯದರಿಂದ ಸಾಫ್ಟ್‌ಬಾಲ್ ಆಡುತ್ತಿದ್ದಾಳೆ. ಈ ಬೇಸಿಗೆಯಲ್ಲಿ ಅವಳ ಕೋಚ್ ಸರ್ ಬೇಸ್‌ಬಾಲಿಗೂ ಹುಡುಗಿಯರ ತಂಡ ಕಟ್ಟಿ, ಇವಳನ್ನು ಸೆಕೆಂಡ್ ಬೇಸಿಗೆ, ಅಂದರೆ ಓಡುವವರು ಮುಟ್ಟಬೇಕಾದ ಎರಡನೆಯ ಗುರುತಿನ ಕಾವಲಿಗೆ, ನಿಲ್ಲಿಸಿದರು. ಕಿಟ್‌ನಲ್ಲಿ ಇದ್ದದ್ದೆಲ್ಲ ಸಾಫ್ಟ್‌ಬಾಲಿನ ಗ್ಲೌಸು.

ಅದರಲ್ಲೇ ಆಡಿದರಾಗದೇ ಎಂದು ನಾನೂ ಕೇಳಿದೆ. ಆಡಬಹುದು. ಆದರೆ ಲೆಕ್ಕ ನೋಡಿ. ಸಾಫ್ಟ್‌ಬಾಲಿನ ಸುತ್ತಳತೆ 12 ಇಂಚು, ಅಂದರೆ ವ್ಯಾಸ ಸುಮಾರು 9.7 ಸೆಂ.ಮೀ. ಬೇಸ್‌ಬಾಲಿನದು 9ರಿಂದ 9¼ ಇಂಚು, ವ್ಯಾಸ 7.4 ಸೆಂ.ಮೀ. ಆಸುಪಾಸು. ದೊಡ್ಡ ಚೆಂಡಿಗೆ ಮಾಡಿದ ಗ್ಲೌಸಿನ ಹೊಟ್ಟೆ ಆಳ. ಸಣ್ಣ ಚೆಂಡು ಅದರಲ್ಲಿ ಬಾವಿಗೆ ಬಿದ್ದ ಕೊಡದಂತೆ ತಳ ಸೇರುತ್ತದೆ. ಔಟ್‌ಫೀಲ್ಡಿನಲ್ಲಿ ನಿಂತವರಿಗೆ ಅದರಿಂದ ಅಷ್ಟು ತೊಂದರೆಯಿಲ್ಲ. ಸೆಕೆಂಡ್ ಬೇಸಿನವಳಿಗೆ ಚೆಂಡು ಬಂದ ಕ್ಷಣವೇ ತೆಗೆದು ಫಸ್ಟ್ ಬೇಸಿಗೆ ಒಗೆಯಬೇಕು. ದೊಡ್ಡವರ ಮೈದಾನದಲ್ಲಿ ಬೇಸಿನಿಂದ ಬೇಸಿಗೆ 90 ಅಡಿ. ಆ 90 ಅಡಿಯನ್ನು ಎದುರಾಳಿ ಓಡಿ ಮುಗಿಸುವುದರೊಳಗೆ ಇವಳು ಗ್ಲೌಸಿನ ತಳದಲ್ಲಿ ಬೆರಳಾಡಿಸಿ ಚೆಂಡು ಹುಡುಕುತ್ತಿದ್ದರೆ ಆಟ ಮುಗಿಯಿತು. ನಾನು ಗ್ಲೌಸನ್ನು ಚೆಂಡು ಹಿಡಿಯುವ ಸಾಧನ ಎಂದುಕೊಂಡಿದ್ದೆ. ಇವಳು ನಿಲ್ಲುವ ಜಾಗದಲ್ಲಿ ಅದು ಚೆಂಡನ್ನು ಬಿಟ್ಟುಕೊಡುವ ಸಾಧನ. ಈ ಒಂದು ಮಾತು ತಿಳಿದ ಮೇಲೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತ ಹೋಯಿತು.

ನಮಗೆಲ್ಲ ಕ್ರಿಕೆಟಿನ ರೂಢಿ. ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ, ಬೇಸ್‌ಬಾಲ್ 142ರಿಂದ 149. ಗಾತ್ರದಲ್ಲಿ ಬೇಸ್‌ಬಾಲ್ ಒಂದು ಕೂದಲೆಳೆ ದೊಡ್ಡದು. ಅದಕ್ಕಿಂತ ಭಾರದ್ದನ್ನು ಬರಿಗೈಲೆ ಹಿಡಿಯುವ ನಮ್ಮ ಹುಡುಗರಿಗೆ ಇದಕ್ಕೇಕೆ ಇಷ್ಟು ದೊಡ್ಡ ಗ್ಲೌಸು ಅನ್ನಿಸುತ್ತದೆ. ಆದರೆ ಕ್ರಿಕೆಟಿನಲ್ಲಿ ಎರಡೂ ಕೈ ಸೇರಿಸಿ, ಚೆಂಡಿನ ಜೊತೆ ಕೈಯನ್ನು ಹಿಂದಕ್ಕೆ ತಂದು ಹಿಡಿಯುತ್ತೇವೆ. ಇಲ್ಲಿ ಚಾಚುವುದು ಒಂದೇ ಕೈ. ಇನ್ನೊಂದು ಕೈ ಆಗಲೇ ಒಗೆಯಲು ಹೊರಟಿರುತ್ತದೆ.

ಮೊದಮೊದಲು ಬೇಸ್‌ಬಾಲಿನವರೂ ಬರಿಗೈಲೆ ಆಡುತ್ತಿದ್ದರು. 1870ರ ದಶಕದಲ್ಲಿ ಚಾರ್ಲ್ಸ್ ವೇಟ್ ಎಂಬ ಫಸ್ಟ್ ಬೇಸಿನ ಆಟಗಾರ ಮೈಬಣ್ಣದ ತೆಳು ಗ್ಲೌಸು ಹಾಕಿಕೊಂಡು ಬಂದನಂತೆ. ಜನ ನೋಡಿ ಹೇಡಿ ಅಂದಾರು ಎಂಬ ನಾಚಿಕೆಗೆ ಆ ಬಣ್ಣ. 1877ರಲ್ಲಿ ಆಲ್ಬರ್ಟ್ ಸ್ಪಾಲ್ಡಿಂಗ್ ಎಂಬ ಹೆಸರಾಂತ ಆಟಗಾರ ಎಲ್ಲರಿಗೂ ಕಾಣುವಂಥ ಕಪ್ಪು ಗ್ಲೌಸು ಹಾಕಿದ ಮೇಲೆ ನಾಚಿಕೆ ಕರಗಿತು. ಅವನದೇ ಆಟದ ಸಾಮಾನಿನ ಅಂಗಡಿಯೂ ಇತ್ತು. ನನಗೆ ಇದಕ್ಕಿಂತ ದೊಡ್ಡ ತಿರುವು ಅನ್ನಿಸುವುದು ಬಿಲ್ ಡೋಕ್ ಎಂಬ ಪಿಚರ್‌ನದು (ಬ್ಯಾಟ್ ಹಿಡಿದವನಿಗೆ ಚೆಂಡು ಒಗೆಯುವವನೇ ಪಿಚರ್). ಅಲ್ಲಿಯ ತನಕ ಗ್ಲೌಸು ಅಂದರೆ ಕೈಗೆ ಹಾಸಿದ ಮೆತ್ತೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬಾರು ಹೆಣೆದರೆ ಚೆಂಡು ಅಂಗೈಗೆ ಬಡಿಯದೆ ಆ ಹೆಣಿಗೆಯಲ್ಲಿ ಸಿಗುತ್ತದೆ ಎಂದು ಅವನಿಗೆ ಹೊಳೆಯಿತು. ರಾಲಿಂಗ್ಸ್ ಕಂಪನಿಗೆ ಹೇಳಿದ, 1920ರ ಹೊತ್ತಿಗೆ ಆ ಗ್ಲೌಸು ಪೇಟೆಗೆ ಬಂತು. ಇವತ್ತು ವೆಬ್ (ಆ ಹೆಣಿಗೆ), ಪಾಕೆಟ್ (ಚೆಂಡು ಕೂರುವ ತಗ್ಗು) ಎಂದು ಏನೇನು ಮಾತಾಡುತ್ತೇವೋ ಅದರ ಬೇರೆಲ್ಲ ಆ ಎರಡು ಬೆರಳ ಸಂದಿಯಲ್ಲಿದೆ. ಇದನ್ನು ಅಪ್ಪನಿಗೆ ಹೇಳಿದಾಗ ತನ್ನ ಹೆಬ್ಬೆರಳು ತೋರುಬೆರಳನ್ನು ಅಗಲಿಸಿ ಬಹಳ ಹೊತ್ತು ನೋಡಿಕೊಂಡ. "ಉಂಗುಟದ ಪಟ್ಟಿ ಇದ್ದಂಗ" ಅಂದ. ನಮ್ಮ ಚಪ್ಪಲಿಯಲ್ಲೂ ಹೆಬ್ಬೆರಳಿನ ಪಟ್ಟಿ ಸರಿ ಕೂತರೆ ಚಪ್ಪಲಿ ಕಾಲಿನದು, ಇಲ್ಲದಿದ್ದರೆ ಅದರ ಪಾಡಿಗೆ ಅದು.

ಅಳತೆಯ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. 11½, 12¾ ಎಂದು ಬರೆದಿರುವುದು ನಿಮ್ಮ ಕೈಯ ಅಳತೆಯಲ್ಲ. ಗ್ಲೌಸಿನ ತೋರುಬೆರಳ ತುದಿಯಿಂದ ಟೇಪು ಹಿಡಿದು, ಒಳಮೈಯ ತಗ್ಗನ್ನು ಅನುಸರಿಸಿ ಕೆಳಗೆ ಹಿಮ್ಮಡಿಯ (ಮಣಿಕಟ್ಟಿನ ಕಡೆಯ ದಪ್ಪ ಭಾಗದ) ಅಂಚಿನವರೆಗೆ ಬಂದರೆ ಸಿಗುವ ಉದ್ದ ಅದು. ಇನ್‌ಫೀಲ್ಡಿನ, ಅಂದರೆ ಬೇಸುಗಳ ಸುತ್ತಿನ ಜಾಗದ, ನಡುವೆ ನಿಲ್ಲುವ ಸೆಕೆಂಡ್ ಬೇಸ್, ಶಾರ್ಟ್‌ಸ್ಟಾಪ್‌ನವರಿಗೆ 11ರಿಂದ 11¾. ಥರ್ಡ್ ಬೇಸಿಗೆ ಸ್ವಲ್ಪ ಹೆಚ್ಚು. ಪಿಚರ್‌ಗೆ 12ರ ಆಸುಪಾಸು. ಓಡಿ ಹೋಗಿ ಚಾಚಿ ಹಿಡಿಯುವ ಔಟ್‌ಫೀಲ್ಡರ್‌ಗೆ 12½, 12¾. ಅಮೆರಿಕದ ಮೇಜರ್ ಲೀಗಿನ ನಿಯಮದಲ್ಲಿ 13 ಇಂಚೇ ಮಿತಿ. ಬ್ಯಾಟ್ ಹಿಡಿದವರ ಹಿಂದೆ ಕೂರುವ ಕ್ಯಾಚರ್‌ನದೂ ಫಸ್ಟ್ ಬೇಸಿನವರದೂ ಬೇರೆಯೇ ಜಾತಿ. ಅವಕ್ಕೆ ಬೆರಳುಗಳು ಬಿಡಿಬಿಡಿಯಾಗಿ ಇರುವುದಿಲ್ಲ, ಮಿಟ್ ಅನ್ನುತ್ತಾರೆ.

ಮಗು ಬೆಳೆಯುತ್ತದೆ, ಒಂದು ಸೈಜು ದೊಡ್ಡದೇ ಇರಲಿ ಅನ್ನುವುದು ನಮ್ಮಲ್ಲಿ ಶಾಲೆಯ ಯೂನಿಫಾರ್ಮಿನಿಂದ ಬಂದ ಚಾಳಿ. ಗ್ಲೌಸಿಗೆ ಅದು ಸಲ್ಲದು. ಕೈಗೆ ಮೀರಿದ ಗ್ಲೌಸನ್ನು ಮಗು ಮುಚ್ಚಲಾರದು. ಮುಚ್ಚಲಾಗದ ಗ್ಲೌಸಿನಿಂದ ಚೆಂಡು ಪುಟಿದು ಹೊರಬೀಳುತ್ತದೆ. ನಾಲ್ಕು ಸಲ ಹಾಗಾದರೆ ಮಗು ಚೆಂಡಿಗೆ ಹೆದರುತ್ತದೆ. ಇದಲ್ಲದೆ ಒಂದೇ 11½ ಇಂಚಿನ ಎರಡು ಗ್ಲೌಸುಗಳ ಒಳಗಿನ ಕೈಜಾಗ ಬೇರೆಬೇರೆ ಇರಬಹುದು. ಹುಡುಗಿಯರಿಗೆ, ಸಣ್ಣ ಮಣಿಕಟ್ಟಿನವರಿಗೆ ಬೆರಳ ಗೂಡು ಕಿರಿದು ಮಾಡಿದವು ಸಿಗುತ್ತವೆ. ಹಾಕಿಕೊಂಡು ಕೈ ಕೆಳಗೆ ಬಿಟ್ಟು ಅಲ್ಲಾಡಿಸಿದರೆ ಜಾರಬಾರದು. ಆಮೇಲೆ ಹೆಬ್ಬೆರಳನ್ನೂ ಕಿರುಬೆರಳನ್ನೂ ಒಂದಕ್ಕೊಂದು ತರಲು ಹೇಳಬೇಕು. ಮುಖ ಕಿವುಚದೆ ತಂದರೆ ಆ ಗ್ಲೌಸು ಅವಳಿಗೆ ಆಗುತ್ತದೆ.

ಇನ್ನು ವೆಬ್. ಹೆಬ್ಬೆರಳು ತೋರುಬೆರಳ ನಡುವಿನ ಆ ಬಲೆಗೆ ನಾಲ್ಕಾರು ನಮೂನೆ. ಐ-ವೆಬ್‌ನಲ್ಲಿ ಇಂಗ್ಲಿಷಿನ ಐ ಅಕ್ಷರದಂತೆ ಒಂದೇ ಕಂಬ, ಎರಡೂ ಕಡೆ ತೆರಪು. ನೆಲಕ್ಕೆ ಬಿದ್ದು ಬರುವ ಚೆಂಡಿನ ಜೊತೆ ಬಂದ ಮಣ್ಣು ಆ ತೆರಪಿನಿಂದ ಉದುರಿಹೋಗುತ್ತದೆ, ಭಾರವೂ ಕಡಿಮೆ, ಚೆಂಡು ಸಿಕ್ಕಿಕೊಳ್ಳುವುದಿಲ್ಲ. ಸೆಕೆಂಡ್ ಬೇಸಿನವರು ಅದನ್ನು ಮೆಚ್ಚುವುದು ಅದಕ್ಕೇ. ನಮ್ಮ ಕಪ್ಪು ಮಣ್ಣಿನಲ್ಲಿ, ಟಿಳಕವಾಡಿಯ ಲೇಲೆ ಮೈದಾನದ ಕೆಂಪು ಧೂಳಿನಲ್ಲಿ ಆಡುವ ಹುಡುಗಿಗೆ ಆ ತೆರಪಿನ ಬೆಲೆ ನಾನು ಕಣ್ಣಾರೆ ಕಂಡೆ. ಎಚ್-ವೆಬ್ ಇನ್ನೂ ಗಟ್ಟಿ, ಥರ್ಡ್ ಬೇಸಿಗೂ ಔಟ್‌ಫೀಲ್ಡಿಗೂ ನಡೆಯುತ್ತದೆ. ಟ್ರಪೀಜ್ ವೆಬ್ ಬಾಗುತ್ತದೆ, ಆಳ ಕೊಡುತ್ತದೆ, ಔಟ್‌ಫೀಲ್ಡರ್‌ನದು. ಪಿಚರ್ ಮಾತ್ರ ಪೂರ್ತಿ ಮುಚ್ಚಿದ ವೆಬ್ಬನ್ನೇ ಕೇಳುತ್ತಾನೆ. ಒಳಗೆ ಚೆಂಡನ್ನು ಯಾವ ಹಿಡಿತದಲ್ಲಿ ಹಿಡಿದಿದ್ದಾನೆ ಎಂದು ಬ್ಯಾಟ್ ಹಿಡಿದವನಿಗೆ ಕಾಣಬಾರದಲ್ಲ.

ಬೆನ್ನು ತೆರೆದದ್ದೋ ಮುಚ್ಚಿದ್ದೋ, ಮಣಿಕಟ್ಟಿಗೆ ಬಾರೋ ವೆಲ್ಕ್ರೋನೋ ಎಂಬುದೆಲ್ಲ ಹಾಕಿಕೊಳ್ಳುವವರ ಇಷ್ಟ. ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ತಲೆ ಕೆಡಿಸಿಕೊಳ್ಳಬೇಕಾದದ್ದು ತೊಗಲಿಗೆ.

ಎರಡನೆಯ ಗ್ಲೌಸು ಬಂದದ್ದು ಅಮೆರಿಕದಲ್ಲಿ ಕೆಲಸದಲ್ಲಿರುವ ನನ್ನ ಹಳೇ ವಿದ್ಯಾರ್ಥಿಯೊಬ್ಬನ ಕೈಲಿ. ಊರಿಗೆ ಬರುತ್ತೇನೆ, ಏನಾದರೂ ಬೇಕೇ ಸರ್ ಎಂದು ಫೋನು ಮಾಡಿದ್ದ. ಒಳ್ಳೆಯ ಹೊಸ ಗ್ಲೌಸಿನ ಬೆಲೆ ನಾನು ನೋಡಿದ್ದೆ. ವಿಲ್ಸನ್‌ನವರು 1957ರಿಂದ ಮಾಡುತ್ತಿರುವ ಎ2000 ಒಂದಕ್ಕೇ 300 ಡಾಲರಿನ ಆಸುಪಾಸು. ಹೈಸ್ಕೂಲು ಹುಡುಗಿಗೆ ಅದು ಬೇಡವೇ ಬೇಡ. ಹಳೆಯದು, ಆದರೆ ತೊಗಲಿನದು, 11½ ಇಂಚು, ಐ-ವೆಬ್, ಎಡಗೈಗೆ ಹಾಕುವಂಥದ್ದು ಸಿಕ್ಕರೆ ತಾ ಎಂದೆ. ಎಡಗೈಗೆ ಎಂಬುದನ್ನು ಮೂರು ಸಲ ಹೇಳಿದೆ. ಅವನು ತನ್ನ ಪಕ್ಕದ ಮನೆಯ ಹುಡುಗ ಬೆಳೆದು ಬಿಟ್ಟಿದ್ದನ್ನು ತಂದುಕೊಟ್ಟ. ಮೇಲಿನ ಹೆಸರೆಲ್ಲ ಅಳಿಸಿಹೋಗಿತ್ತು.

ಅಪ್ಪ ಮೂಸಿದ. ಒತ್ತಿದ. ಅಂಗೈ ಭಾಗವನ್ನು ಒಳಕ್ಕೆ ಮಡಚಿ ಕಿಟಕಿಯ ಬೆಳಕಿಗೆ ಹಿಡಿದ. ನೆರಿಗೆಗಳು ಸಣ್ಣಗೆ, ಒತ್ತೊತ್ತಾಗಿ ಮೂಡಿ ಬಿಟ್ಟ ಕೂಡಲೇ ಅಳಿಸಿಹೋದವು. ನೆರಿಗೆ ದಪ್ಪಗೆ ಎದ್ದು ನಿಂತರೆ ಅದು ಹೊಟ್ಟೆಯ ಕಡೆಯ ಸಡಿಲು ತೊಗಲು, ಬೆನ್ನಿನ ಕಡೆಯದು ಹೀಗೆ ಒತ್ತಾಗಿ ಇರುತ್ತದೆ ಎಂದು ಮೊಮ್ಮಗಳಿಗೆ ತೋರಿಸಿದ. ಆಮೇಲೆ ಬಾರು ತೂರುವ ಒಂದು ತೂತಿನ ಅಂಚನ್ನು ಉಗುರಿನಿಂದ ಬಿಡಿಸಿ ನೋಡಿ, "ನೋಡಿಲ್ಲೆ, ಒಳಗ ನೀಲಿ. ಇದು ಕ್ರೋಮಿನ ಹದ" ಅಂದ.

ಆ ನೀಲಿಯ ಹಿಂದೆ ಒಂದು ಇಡೀ ಬೇರೆ ಲೋಕವಿದೆ. ಅಥಣಿ, ನಿಪ್ಪಾಣಿ ಕಡೆಯ ಹದ ಗಿಡದ್ದು. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಚೀಲದಂತೆ ಹೊಲಿದು ತೂಗುಹಾಕಿ, ಜಾಲಿ ಚಕ್ಕೆ, ಅಳಲೆಕಾಯಿಯ ರಸ ತುಂಬಿಸಿ ದಿನಗಟ್ಟಲೆ ಇಳಿಯಬಿಡುತ್ತಾರೆ. ಕಡಿದು ನೋಡಿದರೆ ಒಳಗೆಲ್ಲ ಕಂದು. ಅಂಥ ತೊಗಲು ಬಿರುಸು, ಮೈಭಾರ ಹೊರುತ್ತದೆ, ನಿಧಾನಕ್ಕೆ ಕಾಲಿನ ಅಚ್ಚು ಪಡೆಯುತ್ತದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದ್ದು ಈ ಹದದ, ಈ ಕೈಗಳ ಕಾರಣಕ್ಕೆ. ಹೆಸರು ಮಾತ್ರ ಕೊಲ್ಹಾಪುರದ್ದಾಯಿತು ಎಂಬ ಕೊರಗು ಅಪ್ಪನಿಗೆ ಇವತ್ತಿಗೂ ಇದೆ, ನನಗೂ ಇದೆ. ಗ್ಲೌಸಿನ ತೊಗಲು ಹೆಚ್ಚಾಗಿ ಕ್ರೋಮಿಯಂ ಉಪ್ಪಿನಲ್ಲಿ ಹದವಾದದ್ದು. ಅದು ಬೇಗ ಬಾಗುತ್ತದೆ, ಸಾವಿರ ಸಲ ಮುಚ್ಚಿ ತೆರೆದರೂ ಬಿರಿಯುವುದಿಲ್ಲ. ಅಪ್ಪ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದ: "ನಮ್ದು ನಿಲ್ಲೂ ತೊಗಲು, ಇದು ಬಾಗೂ ತೊಗಲು."

ಬಾಗುವುದರಲ್ಲೂ ದರ್ಜೆಗಳಿವೆ. ಕಿಪ್ ಅನ್ನುವುದು ಎಳೆ ದನದ ತೊಗಲು. ನಾರು ಸಣ್ಣ, ಒತ್ತು, ತೂಕ ಕಡಿಮೆ, ಬೆಲೆ ಹೆಚ್ಚು. ಸ್ಟಿಯರ್‌ಹೈಡ್ ಬೆಳೆದ ಎತ್ತಿನದು. ದಪ್ಪ, ಹಟಮಾರಿ, ಪಳಗಲು ತಿಂಗಳುಗಳು ಬೇಕು, ಪಳಗಿದರೆ ವರ್ಷಗಟ್ಟಲೆ ಆಕಾರ ಬಿಡುವುದಿಲ್ಲ. ಇವೆರಡಕ್ಕಿಂತ ಕೆಳಗೆ ಎಣ್ಣೆ ಕುಡಿಸಿ ಮೊದಲೇ ಮೆತ್ತಗೆ ಮಾಡಿದ ಸಾದಾ ಹಸುವಿನ ತೊಗಲು. ಅಂಗಡಿಯಲ್ಲೇ ಮೆತ್ತಗಿರುತ್ತದೆ, ಅಷ್ಟೇ ಬೇಗ ಜೋತುಬೀಳುತ್ತದೆ. ಕೈಗೆ ಹಾಕಿದಾಗ ಹಿತವಾಗಿದೆ ಎಂದು ಅದನ್ನೇ ಕೊಳ್ಳುವವರು ಬಹಳ. ಹೊಸ ಕೊಲ್ಹಾಪುರಿ ಕಾಲು ಕಚ್ಚುತ್ತದೆ ಎಂದು ಬಿಟ್ಟು ಫೋಮಿನ ಚಪ್ಪಲಿ ಕೊಂಡವರು ಆರು ತಿಂಗಳಿಗೆ ಮತ್ತೆ ಅಂಗಡಿಗೆ ಹೋಗುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ತೀರ ಸಣ್ಣ ಮಕ್ಕಳಿಗಾದರೆ ರೆಕ್ಸಿನ್ನೇ ಸಾಕು, ಹಗುರ, ಬೇಗ ಬಾಗುತ್ತದೆ. ಹದಿಮೂರು ಹದಿನಾಲ್ಕು ದಾಟಿ, ಒಂದು ಜಾಗದಲ್ಲಿ ನಿಂತು ಆಡುವ ಮಗುವಿಗೆ ಹೊಸ ರೆಕ್ಸಿನ್‌ಗಿಂತ ಹಳೆಯ ತೊಗಲು ಮೇಲು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಹಳೆಯದಕ್ಕೆ ಇರುವ ತೊಡಕು ಒಂದೇ. ಅದು ಇನ್ನೊಬ್ಬರ ಕೈಯ ಅಚ್ಚು. ಬೆನ್ನಿನ ಮೇಲೆ, ತೋರುಬೆರಳ ಗೂಡಿನ ಹೊರಗೆ, ಬೆರಳುದ್ದದ ಒಂದು ಕಪ್ಪು ಪಟ್ಟಿ ಕಾಣುತ್ತಿತ್ತು. ಏನೆಂದು ತಿಳಿಯದೆ ನಾನು ಒರೆಸಲು ಹೋದೆ. ಮಗಳು ತಡೆದು, ತನ್ನ ತೋರುಬೆರಳನ್ನು ಗೂಡಿನಿಂದ ಹೊರಗೆ ತಂದು ಸರಿಯಾಗಿ ಆ ಪಟ್ಟಿಯ ಮೇಲೆ ಇಟ್ಟಳು. ಯಾರೋ ಕಾಣದ ಊರಿನ ಹುಡುಗ ಎಷ್ಟೋ ವರ್ಷ ಅಲ್ಲಿ ಬೆರಳಿಟ್ಟು ಆಡಿ, ಬೆವರಿನಿಂದ ಆ ಗುರುತು ಮಾಡಿದ್ದ. ಅಂಗೈಗೆ ಪೆಟ್ಟು ಕಡಿಮೆಯಾಗಲೆಂದು ಹೀಗೆ ಒಂದು ಬೆರಳನ್ನು ಹೊರಗಿಡುವುದು ಅಲ್ಲಿ ಬಹಳ ಜನರ ರೂಢಿ. ಇವಳ ಬೆರಳು ಅವನದಕ್ಕಿಂತ ಅರ್ಧ ಇಂಚು ಗಿಡ್ಡ. "ಮಂದಿ ಚಪ್ಪಲಿ ಮೆಟ್ಟಿದಂಗ ಆಗ್ತೈತಿ, ಒಂದೀಟು ದಿನ" ಅಂದ ಅಪ್ಪ. "ಆಮ್ಯಾಲ ಇದು ನಿನ್ನ ಮಾತು ಕೇಳ್ತೈತಿ, ಯವ್ವಾ."

ಅದನ್ನು ಮಾತು ಕೇಳಿಸುವ ಬಗೆಗೆ ಇಂಟರ್ನೆಟ್ಟಿನಲ್ಲಿ ಏನೇನೋ ಸಲಹೆಗಳು. ಓವನ್ನಿನಲ್ಲಿಡಿ, ಬಿಸಿನೀರಿನಲ್ಲಿ ಮುಳುಗಿಸಿ, ಕಾರಿನ ಗಾಲಿಯ ಕೆಳಗಿಡಿ. ನಾನು ಓದಿ ಹೇಳುತ್ತಿದ್ದರೆ ಅಪ್ಪನ ಮುಖ ಕೆಂಪಾಯಿತು. ತೊಗಲಿನ ನಾರುಗಳ ನಡುವೆ ಜಿಡ್ಡು ಇರುವುದರಿಂದಲೇ ಅವು ಒಂದರ ಮೇಲೊಂದು ಜಾರಿ ಬಾಗುತ್ತವೆ. ಬೆಂಕಿಯ ಕಾವು ಆ ಜಿಡ್ಡನ್ನು ಓಡಿಸಿ ನಾರನ್ನು ಸುಕ್ಕಾಗಿಸುತ್ತದೆ, ಒಮ್ಮೆ ಸುಕ್ಕಾದದ್ದು ತಿರುಗಿ ಬರುವುದಿಲ್ಲ. ಹಾಗಂತ ಎಣ್ಣೆಯನ್ನೂ ಸುರಿಯಬಾರದು. ಹೆಚ್ಚು ಎಣ್ಣೆ ಕುಡಿದ ಗ್ಲೌಸು ಭಾರವಾಗುತ್ತದೆ, ಬಾರುಗಳು ಹಿಗ್ಗುತ್ತವೆ. ಅಪ್ಪ ಹಳೇ ಬನಿಯನ್ನಿನ ತುಂಡಿಗೆ ಎರಡೇ ಹನಿ ಹಾಕಿ, ಮಡಿಕೆ ಬೀಳುವ ಕಡೆ, ಬಾರಿನ ಮೇಲೆ, ಹಿಮ್ಮಡಿಯ ಮೇಲೆ ತಿಕ್ಕಿ, ಇನ್ನೊಂದು ಬಟ್ಟೆಯಿಂದ ಒರೆಸಿ ತೆಗೆದ. ಆಮೇಲೆ ಚೆಂಡನ್ನು ಪಾಕೆಟ್ಟಿನಲ್ಲಿಟ್ಟು ಪಂಜೆಯ ಹರಕಿನಿಂದ ಕಟ್ಟಿದ. ಉಳಿದದ್ದು ಆಟದ್ದೇ ಕೆಲಸ. ದಿನಾ ಸಂಜೆ ನೂರು ಸಲ ಚೆಂಡು ಬಿದ್ದಷ್ಟು ಚೆನ್ನಾಗಿ ಯಾವ ಎಣ್ಣೆಯೂ ಗ್ಲೌಸನ್ನು ಪಳಗಿಸುವುದಿಲ್ಲ.

ಸಂಜೆ ಅವಳಿಗೆ ಚೆಂಡು ಒಗೆಯುವವನು ನಾನು. ಅಪ್ಪ ಕಟ್ಟೆಯ ಮೇಲೆ ಕೂತು ಕೇಳುತ್ತಾನೆ. ಕೇಳುತ್ತಾನೆ ಎಂದೇ ಬರೆಯಬೇಕು. ಲಾಟೀನಿನ ಬೆಳಕಿನಲ್ಲಿ ಹೊಲಿದು ಹೊಲಿದು ಅವನ ಕಣ್ಣಿಗೆ ದೂರದ ಚೆಂಡು ಕಾಣುವುದಿಲ್ಲ. ಅಂಗೈಗೆ ಬಿದ್ದರೆ ಚಪಾತಿ ಬಡಿದಂತೆ ಬಿರುಸಾದ ಸದ್ದು. ತೋರುಬೆರಳ ಬುಡದ ಕೆಳಗೆ ವೆಬ್ ಶುರುವಾಗುವಲ್ಲಿ ಬಿದ್ದರೆ ಒಳಗಿನಿಂದ ಬರುವ ತುಂಬಿದ ಸದ್ದು. "ಕೈಗೆ ಬಿತ್ತು," "ತೊಗಲಿಗೆ ಬಿತ್ತು" ಎಂದು ಕೂತಲ್ಲಿಂದಲೇ ಹೇಳುತ್ತಾನೆ. ಮೊದಲ ವಾರ ಹತ್ತಕ್ಕೆ ಏಳು ಕೈಗೆ. ಅವಳ ಅಂಗೈ ಕೆಂಪಾಗುತ್ತಿತ್ತು. ಮೇ ತಿಂಗಳ ಅಡ್ಡಮಳೆಗಳು ಮುಗಿಯುವ ಹೊತ್ತಿಗೆ ಹತ್ತಕ್ಕೆ ಎಂಟು ತೊಗಲಿಗೆ ಬೀಳತೊಡಗಿದವು. ಚೆಂಡು ಬಿದ್ದ ಜಾಗದಿಂದ ಬಲಗೈ ಅದನ್ನು ಎತ್ತುವುದು ಈಗ ನನ್ನ ಕಣ್ಣಿಗೆ ಸಿಗುವುದಿಲ್ಲ.

ಆಮೇಲೆ ಬೆಳಗಾವಿಯ ಮಳೆ ಹಿಡಿಯಿತು. ಇಲ್ಲಿಯ ಜುಲೈ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಗೋಡೆ ಬೆವರುತ್ತದೆ, ಉಪ್ಪಿನ ಡಬ್ಬಿ ನೀರಾಗುತ್ತದೆ. ಕಪಾಟಿನಲ್ಲಿ ಹತ್ತು ದಿನ ಮುಚ್ಚಿಟ್ಟ ಗ್ಲೌಸಿನ ಮೇಲೆ ಬೂದಿ ಚೆಲ್ಲಿದಂತೆ ಬಿಳಿ ಬೂಷ್ಟು. ಮಗಳು ಅತ್ತೇಬಿಟ್ಟಳು. ಅಪ್ಪ ಒಣ ಬಟ್ಟೆಯಲ್ಲಿ ಒರೆಸಿ, ಬಾರಿನ ಸಂದಿಗಳಲ್ಲಿ ಹಳೇ ಹಲ್ಲುಜ್ಜುವ ಬ್ರಶ್ಶು ಆಡಿಸಿ, ಗಾಳಿ ಬೀಸುವ ಕಿಟಕಿಯ ಹತ್ತಿರ ತೂಗುಹಾಕಿದ. ಬಿಸಿಲು ಬಂದಾಗ ನಾನು ಹೊರಗಿಡಲು ಹೋದರೆ ಬಿಡಲಿಲ್ಲ. ನೆರಳಲ್ಲೇ ಒಣಗಬೇಕು. ಮಳೆಗಾಲದಲ್ಲಿ ಗ್ಲೌಸನ್ನು ಪ್ಲಾಸ್ಟಿಕ್ ಚೀಲದಲ್ಲಿ, ಕಪಾಟಿನಲ್ಲಿ, ಒದ್ದೆ ಬಟ್ಟೆಯ ಬ್ಯಾಗಿನಲ್ಲಿ ಇಡಬೇಡಿ. ಈಗ ಅದು ಅಡುಗೆಮನೆಯ ಕಿಟಕಿಯ ಮೊಳೆಗೆ ತೂಗುತ್ತದೆ, ಒಳಗೆ ಚೆಂಡು ಇಟ್ಟುಕೊಂಡೇ.

ಒದ್ದೆಯ ಪೆಟ್ಟು ತೊಗಲಿಗಿಂತ ಬಾರಿಗೆ ಹೆಚ್ಚು ಬಿದ್ದಿತ್ತು. ಆಗಸ್ಟಿನ ಒಂದು ಸಂಜೆ ವೆಬ್ಬಿನ ಬಾರು ತಟ್ಟನೆ ಹರಿದು, ಚೆಂಡು ತೂರಿಕೊಂಡು ಅವಳ ಭುಜಕ್ಕೆ ಬಡಿಯಿತು. ಪೆಟ್ಟು ಅಷ್ಟೇನಿಲ್ಲ, ಗ್ಲೌಸು ಹೋಯಿತು ಎಂದು ಅವಳ ಮುಖ ಸಪ್ಪಗಾಯಿತು. ಗ್ಲೌಸು ಹೋಗುವುದಿಲ್ಲ. ಅದು ಇಡಿಯಾಗಿ ನಿಂತಿರುವುದೇ ಬಾರಿನ ಮೇಲೆ, ಬಾರು ಬದಲಿಸುತ್ತ ಹೋದರೆ ದಶಕಗಳು ಬಾಳುತ್ತದೆ. ಅಮೆರಿಕದಲ್ಲಿ 3/16 ಇಂಚು ಅಗಲದ, 72 ಇಂಚು ಉದ್ದದ ಬಾರು ಅಂಗಡಿಯಲ್ಲೇ ಸಿಗುತ್ತದೆ. ಬೆಳಗಾವಿಯ ಗಣಪತ ಗಲ್ಲಿಯಲ್ಲಿ, ಖಡೇಬಜಾರಿನಲ್ಲಿ ಕೇಳಿದೆ, ಶೂ ಲೇಸು ತೋರಿಸಿದರು.

ಅಪ್ಪ ಟ್ರಂಕು ತೆಗೆದ. ಮೊದಲು ಆಡಿನ ತೊಗಲಿನ ಪಟ್ಟಿ ಕತ್ತರಿಸಿ ಪೋಣಿಸಿದ. ಚಪ್ಪಲಿಯ ಮೇಲಿನ ಹೆಣಿಗೆಗೆ ಅವ್ವ ಬಳಸುತ್ತಿದ್ದದ್ದು ಅದನ್ನೇ. ನಾಲ್ಕು ದಿನಕ್ಕೆ ಅದು ಹಿಗ್ಗಿ ವೆಬ್ಬು ಜೋಲಿಯಂತಾಯಿತು. ಎಮ್ಮೆ ತೊಗಲಿನದು ಗಟ್ಟಿ, ಆದರೆ ಉಳಿದಿದ್ದದ್ದು ಅಂಗೈಗಿಂತ ತುಸು ದೊಡ್ಡ ಒಂದು ತುಂಡು. ಇದರಲ್ಲಿ ಆರು ಅಡಿ ಬಾರು ಎಲ್ಲಿಂದ ಬರಬೇಕು ಎಂದೆ. ಅಪ್ಪ ಮಾತಾಡದೆ ಅದರ ಮೇಲೆ ಅವ್ವನ ಕುಂಕುಮದ ಬಟ್ಟಲನ್ನು ಬೋರಲು ಹಾಕಿ ಗೆರೆ ಎಳೆದು, ದುಂಡಗೆ ಕತ್ತರಿಸಿದ. ಹಲಗೆಗೆ ರಂಪಿಗೆಯನ್ನು ನೆಟ್ಟಗೆ ಚುಚ್ಚಿ, ಅದರ ಪಕ್ಕ ಬಾರಿನಗಲ ಬಿಟ್ಟು ಹೆಬ್ಬೆರಳ ಉಗುರು ಊರಿದ. ದುಂಡು ತುಂಡಿನ ಅಂಚನ್ನು ಆ ಸಂದಿಗೆ ಕೊಟ್ಟು ಎಡಗೈಲೆ ತಿರುಗಿಸುತ್ತ ಬಲಗೈಲೆ ಎಳೆದ. ತೊಗಲು ಸುತ್ತುತ್ತ ಸುತ್ತುತ್ತ ಸಣ್ಣದಾಯಿತು, ಬಾರು ಸುರುಳಿ ಸುರುಳಿಯಾಗಿ ನೆಲಕ್ಕೆ ಇಳಿಯಿತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 72 ಇಂಚು ಉದ್ದ, 3/16 ಅಗಲ ಅಂದರೆ 13½ ಚದರ ಇಂಚು. ಅಷ್ಟು ವಿಸ್ತೀರ್ಣದ ವೃತ್ತಕ್ಕೆ ವ್ಯಾಸ 4.2 ಇಂಚು ಸಾಕು. ಬಟ್ಟಲು ಅಳೆದು ನೋಡಿದರೆ ಐದು ಇಂಚು, ನಡುವಿನ ಚೂರು ವ್ಯರ್ಥವಾಗುವುದನ್ನೂ ಸೇರಿಸಿಯೇ ಆ ಬಟ್ಟಲು ಎತ್ತಿಕೊಂಡಿದ್ದ. ನಾನು ವರ್ಷಕ್ಕೆ ನೂರು ಮಕ್ಕಳಿಗೆ ಪೈ ಕಲಿಸುತ್ತೇನೆ. ಅದನ್ನು ಕೈಯಲ್ಲಿ ಇಟ್ಟುಕೊಂಡ ಮನುಷ್ಯನ ಮುಂದೆ ಅಷ್ಟು ಹತ್ತಿರ ಕೂತದ್ದು ಅವತ್ತೇ.

ಸುರುಳಿಯನ್ನು ನೀರಿಗೆ ಅದ್ದಿ, ಕಿಟಕಿಯ ಸರಳಿಗೆ ಕಟ್ಟಿ ಎಳೆದು ನೆಟ್ಟಗೆ ಮಾಡಿ ರಾತ್ರಿಯಿಡೀ ಬಿಟ್ಟ. ಬೆಳಿಗ್ಗೆ ಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಹಳೆಯ ಬಾರು ಹೇಗೆ ಹೋಗಿತ್ತೋ ಹಾಗೇ, ಮಗಳು ಮೊಬೈಲಿನಲ್ಲಿ ತೆಗೆದಿಟ್ಟ ಫೋಟೋ ನೋಡಿ ಒಂದೊಂದೇ ತೂತು ದಾಟಿಸಿದ. ತೀರ ಬಿಗಿದರೆ ಗ್ಲೌಸು ಮುಚ್ಚುವುದಿಲ್ಲ, ಸಡಿಲ ಬಿಟ್ಟರೆ ಬೆರಳುಗಳು ಹಿಂದಕ್ಕೆ ಬಾಗುತ್ತವೆ. ಪ್ರತಿ ತೂತಿಗೂ ಮೊಮ್ಮಗಳ ಕೈಗೆ ಹಾಕಿಸಿ, ಮುಚ್ಚು, ತೆಗಿ, ಮುಚ್ಚು ಎನ್ನುತ್ತ ಮುಗಿಸಲು ಮಧ್ಯಾಹ್ನವಾಯಿತು. ಈಗ ಆ ಗ್ಲೌಸಿನ ವೆಬ್ಬು ಅಥಣಿಯ ಕಂದು, ಉಳಿದದ್ದೆಲ್ಲ ಅಮೆರಿಕದ ಹಳದಿ. ಮೂರು ತಿಂಗಳಾಯಿತು, ಬಾರು ಸರಿದಿಲ್ಲ.

ಮೊದಲು ಕೊಂಡ ಆ ರೆಕ್ಸಿನ್ ಗ್ಲೌಸು ಏನಾಯಿತು ಎಂದು ಹೇಳುವುದು ಉಳಿಯಿತು. ತಂಡದಲ್ಲಿ ಎಡಗೈಲೆ ಒಗೆಯುವ ಹುಡುಗಿ ಒಬ್ಬಳಿದ್ದಾಳೆ. ಕಿಟ್‌ನಲ್ಲಿ ಅವಳಿಗೆ ಹೊಂದುವ ಗ್ಲೌಸು ಒಂದೂ ಇರಲಿಲ್ಲ. ಎರಡು ವರ್ಷ ಅವಳು ಎಡಗೈಗೇ ಗ್ಲೌಸು ಹಾಕಿ, ಚೆಂಡು ಹಿಡಿದು, ಗ್ಲೌಸನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಬಿಡಿಸಿಕೊಂಡು, ಆಮೇಲೆ ಒಗೆಯುತ್ತಿದ್ದಳಂತೆ. ಯಾರಿಗೂ ಹೇಳಿಕೊಂಡಿರಲಿಲ್ಲ. ಮಗಳು ಅವಳಿಗೆ ಅದನ್ನು ಕೊಟ್ಟಳು. ಹಿಂದಿನ ಭಾನುವಾರ ಅವಳು ನಮ್ಮ ಬಾಗಿಲಲ್ಲಿ ನಿಂತಿದ್ದಳು, ಅದೇ ಗ್ಲೌಸು, ಪ್ಲಾಸ್ಟಿಕ್ಕಿನ ಬಾರು ಎರಡು ಕಡೆ ತುಂಡಾಗಿತ್ತು. ಅಜ್ಜಾರು ಕಟ್ಟಿಕೊಡ್ತಾರಂತ, ಅಂದಳು.

ಅಪ್ಪ ಅದನ್ನು ಇಸಿದುಕೊಂಡ. ಈ ಸಲ ಮೂಸಲಿಲ್ಲ. ತಿರುಗಿಸಿ ತೂತುಗಳನ್ನು ಎಣಿಸಿ, ಕುಂಕುಮದ ಬಟ್ಟಲು ತರಲು ನನಗೆ ಹೇಳಿ, ಅವಳನ್ನು ಹತ್ತಿರ ಕೂರಿಸಿಕೊಂಡ.

"ಯಾವ ಕೈಲೆ ಒಗೀತಿ, ಯವ್ವಾ?"